ಬೋರ್ ಮಾಡಿಸುವ ಮುನ್ನ ಪಿಸ್ಟನ್ ನೋಡಿ

ಬೈಕ್ ನೂಕಿಕೊಂಡು ಗ್ಯಾರೇಜಿಗೆ ಬಂದವರ ಬಾಯಲ್ಲಿ ಮೊದಲು ಬರುವ ಮಾತು ಬಹುತೇಕ ಇದೇ: ‘ಅಣ್ಣಾ, ಎಂಜಿನ್ ಸೀಜ್ ಆಗಿದೆ. ಎಷ್ಟಾಗುತ್ತೆ?’ ಟೂ ಸ್ಟ್ರೋಕ್ ಬೈಕುಗಳ ಜೊತೆಯಲ್ಲೇ ಕೂದಲು ನೆರೆತ ಮೆಕ್ಯಾನಿಕ್ ಆಗಿದ್ದರೆ ತಕ್ಷಣ ರೇಟು ಹೇಳುವುದಿಲ್ಲ. ತಾವೇ ಕೇಳಲು ಶುರು ಮಾಡುತ್ತಾರೆ. ಎಲ್ಲಿ ನಿಂತುಹೋಯ್ತು ಸರ್? ಏರಿನಲ್ಲಾ, ಇಳಿಜಾರಿನಲ್ಲಾ? ಆಕ್ಸಿಲರೇಟರ್ ಪೂರ್ತಿ ಕೊಟ್ಟಿದ್ರಾ, ಬಿಟ್ಟಿದ್ರಾ? ಆಯಿಲ್ ಎಷ್ಟು ಹಾಕಿದ್ರಿ? ಇತ್ತೀಚೆಗೆ ಯಾರಾದ್ರೂ ಕಾರ್ಬೊರೇಟರ್ ಬಿಚ್ಚಿದ್ರಾ? ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಯ್ತಾ?

ಈ ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲೇ ಅರ್ಧ ಕಾಯಿಲೆ ಗೊತ್ತಾಗುತ್ತದೆ. ಉಳಿದರ್ಧ ಬ್ಲಾಕ್ ಬಿಚ್ಚಿದಾಗ ಕೈಗೆ ಬರುವ ಪಿಸ್ಟನ್ ಮೇಲಿರುತ್ತದೆ. ಆದರೆ ಇವತ್ತು ನಗರದಲ್ಲಿ ನಡೆಯುವ ಎಷ್ಟೋ ರಿಪೇರಿಗಳಲ್ಲಿ ಈ ಎರಡನ್ನೂ ಯಾರೂ ವಿಚಾರಿಸುವುದಿಲ್ಲ. ಬ್ಲಾಕ್ ಬಿಚ್ಚು, ಬೋರ್ ಮಾಡಿಸು, ಹೊಸ ಪಿಸ್ಟನ್ ಹಾಕು, ಹಳೆಯದನ್ನು ಗುಜರಿ ಡಬ್ಬಕ್ಕೆ ಎಸೆ. ಕೆಲವೇ ವಾರಗಳಲ್ಲಿ ಅದೇ ಬೈಕ್ ಅದೇ ಜಾಗಕ್ಕೆ ನೂಕಿಸಿಕೊಂಡು ಬರುತ್ತದೆ. ಪಿಸ್ಟನ್ ಹಾಳಾಗಿದ್ದು ನಿಜ, ಆದರೆ ಅದನ್ನು ಹಾಳು ಮಾಡಿದ್ದು ಬೇರೇನೋ. ಆ ‘ಬೇರೇನೋ’ ಎಂಜಿನ್ನಿನೊಳಗೆ ಹಾಗೇ ಕುಳಿತಿರುತ್ತದೆ.

ವಿಜಯನಗರದ ಮಗ್ಗುಲಿನ ಮಾರೇನಹಳ್ಳಿಗೆ (ಜೆ.ಪಿ. ನಗರದ ಕಡೆಯ ಮಾರೇನಹಳ್ಳಿ ಬೇರೆ) ಈ ವಿಷಯ ದೂರದ್ದಲ್ಲ. ಪಶ್ಚಿಮ ಬೆಂಗಳೂರು ಯಂತ್ರದ ಕೆಲಸ ತಿಂದುಂಡು ಬೆಳೆದ ಪ್ರದೇಶ. ಒಂದು ಕಡೆ ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್, ಇನ್ನೊಂದು ಕಡೆ ಮಾಗಡಿ ರಸ್ತೆಯುದ್ದಕ್ಕೂ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳ ಲೇತ್ ಶೆಡ್ಡುಗಳು, ಅದರಾಚೆ ಪೀಣ್ಯ. ಈ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುತ್ತಿದ್ದವರ ಸವಾರಿಯೂ ಒಂದು ಕಾಲಕ್ಕೆ ಟೂ ಸ್ಟ್ರೋಕೇ: ಲೂನಾ, ಟಿವಿಎಸ್ 50, ಬಜಾಜ್ ಚೇತಕ್, ಯೆಜ್ಡಿ, ಆಮೇಲೆ ಆರ್‌ಎಕ್ಸ್ 100. ಶಂಕರ್‌ನಾಗ್ ‘ಆಟೋ ರಾಜ’ನಾಗಿ ತೆರೆಗೆ ಬಂದ 1980ರಲ್ಲಿ ಬೆಂಗಳೂರಿನ ಆಟೊಗಳೂ ನೀಲಿ ಹೊಗೆ ಬಿಡುವ ಟೂ ಸ್ಟ್ರೋಕ್‌ಗಳೇ ಆಗಿದ್ದವು.

ಅವುಗಳಲ್ಲಿ ಅಪ್ಪಟ ನಮ್ಮದು ಎನ್ನಬಹುದಾದದ್ದು ಜಾವಾ ಮತ್ತು ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಶುರು ಮಾಡಿತು. ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು ಫರೋಖ್ ಇರಾನಿ ಮತ್ತು ಸಂಗಡಿಗರು ಕಟ್ಟಿದ ಈ ಕಾರ್ಖಾನೆ ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿ ಬೈಕ್ ಬಿಡತೊಡಗಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಆರ್‌ಎಕ್ಸ್ 100ರ ಕಥೆಯೂ ಅದೇ ವರ್ಷ ಮುಗಿಯಿತು. ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ 1985ರಲ್ಲಿ ಇಳಿಸಿದ ಆ ಬೈಕ್, ಹೊಗೆಯ ನಿಯಮಗಳು ಬಿಗಿಯಾದ 1996ರಲ್ಲಿ ನಿಂತಿತು. ಅಂದರೆ ಇವತ್ತು ರಸ್ತೆಯಲ್ಲಿರುವ ಅತಿ ಹೊಸ ಮೈಸೂರು ಯೆಜ್ಡಿಗೂ ಮೂವತ್ತು ವರ್ಷ ಆಗುತ್ತ ಬಂತು. ಅದರ ಬ್ಲಾಕು ಒಡೆದರೆ ಕಂಪನಿಯಿಂದ ಇನ್ನೊಂದು ಬರುವುದಿಲ್ಲ. ಸೀಜ್ ಆದ ಪಿಸ್ಟನ್ನಿನ ಕಾರಣ ಹುಡುಕುವುದು ಇಷ್ಟು ಮುಖ್ಯವಾಗುವುದು ಅದಕ್ಕೇ.

ಟೂ ಸ್ಟ್ರೋಕ್ ಎಂಜಿನ್ನಿನ ಸರಳತೆಯಲ್ಲೇ ಅದರ ಅಪಾಯವೂ ಇದೆ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ತಳದಲ್ಲಿ ಆಯಿಲ್ ತುಂಬಿದ ತೊಟ್ಟಿ ಇರುತ್ತದೆ, ಅಲ್ಲಿಂದ ಎಣ್ಣೆ ಸುತ್ತುತ್ತಲೇ ಇರುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು, ಗಾಳಿ, ಎಣ್ಣೆ ಮೂರೂ ಸೇರಿ ಕ್ರ್ಯಾಂಕ್ ಕೇಸಿನ ಮೂಲಕವೇ ಹಾದು ಹೋಗುತ್ತವೆ. ಹೋಗುವ ದಾರಿಯಲ್ಲಿ ಬೇರಿಂಗಿಗೂ ಪಿಸ್ಟನ್ನಿಗೂ ಅಂಟಿಕೊಂಡ ತೆಳು ಪದರವೇ ಇಡೀ ಎಂಜಿನ್ನಿನ ಎಣ್ಣೆ. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ 1891ರಲ್ಲಿ ಈ ವಿನ್ಯಾಸವನ್ನು ಕೊಟ್ಟಾಗ ಕ್ಯಾಮ್ ಬೇಡದ ಸರಳ ಎಂಜಿನ್ ಸಿಕ್ಕಿತು. ಬದಲಿಗೆ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗುವ ಎಂಜಿನ್ ಕೂಡ ಸಿಕ್ಕಿತು.

ಇದರ ಮೇಲೆ ಬಿಸಿ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಒಂದೊಂದು ಸುತ್ತು ತಿರುಗಿದಾಗಲೂ ಒಮ್ಮೆ ಬೆಂಕಿ ಹೊತ್ತುತ್ತದೆ. ಆರ್‌ಎಕ್ಸ್ 100 ತನ್ನ 11 ಅಶ್ವಶಕ್ತಿಯನ್ನು ಕೊಡುವುದು ನಿಮಿಷಕ್ಕೆ 7,500 ಸುತ್ತಿನಲ್ಲಿ. ಲೆಕ್ಕ ಹಾಕಿದರೆ ಸೆಕೆಂಡಿಗೆ 125 ಸಲ ಪಿಸ್ಟನ್ನಿನ ನೆತ್ತಿಯ ಮೇಲೆ ಬೆಂಕಿ. ಆ ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಅದು ಓಡಾಡುವ ಬೋರ್ ಎರಕದ ಕಬ್ಬಿಣದ್ದು. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಎರಡರ ನಡುವೆ ಬಿಟ್ಟಿರುವ ಸಂದಾದರೂ ಎಷ್ಟು? ಆರ್‌ಎಕ್ಸ್ 100ರ 50 ಮಿ.ಮೀ. ಬೋರಿನಲ್ಲಿ ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕೈದು ಭಾಗದ ಆಸುಪಾಸು, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಪಿಸ್ಟನ್ ಅಳತೆ ಮೀರಿ ಹಿಗ್ಗಿದರೆ ಅಥವಾ ನಡುವಿನ ಎಣ್ಣೆಯ ಪದರ ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ. ಅಲ್ಯೂಮಿನಿಯಂ ಮೆತ್ತಗಿನದು, ಅದೇ ಸವೆದು ಕಬ್ಬಿಣದ ಗೋಡೆಗೆ ಬಳಿದುಕೊಳ್ಳುತ್ತದೆ. ಬಳಿದುಕೊಂಡ ಕಡೆ ಇನ್ನಷ್ಟು ತಿಕ್ಕಾಟ, ಇನ್ನಷ್ಟು ಬಿಸಿ. ಮುಂದಿನದು ಕ್ಷಣಗಳ ಮಾತು: ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹಿಂದಿನ ಚಕ್ರ ಲಾಕ್ ಆಗುತ್ತದೆ, ಟೈರು ರಸ್ತೆಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ.

ಹಳೆಯ ಸವಾರರು ಎಡಗೈಯ ಎರಡು ಬೆರಳನ್ನು ಸದಾ ಕ್ಲಚ್ ಲಿವರ್ ಮೇಲೆ ಇಟ್ಟುಕೊಂಡಿರುತ್ತಿದ್ದುದು ಶೋಕಿಗಲ್ಲ. ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಬಿಗಿಯಾಗಿ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ಬೈಕಿನ ಓಟ ಕುಗ್ಗಿದರೆ ಆ ಕ್ಷಣವೇ ಕ್ಲಚ್ ಒತ್ತಬೇಕು. ಒತ್ತಿದರೆ ಚಕ್ರ ಬಿಡುಗಡೆಯಾಗಿ ಬೈಕ್ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಒತ್ತದಿದ್ದರೆ ಸವಾರ ರಸ್ತೆಯ ಮೇಲಿರುತ್ತಾನೆ.

ಇಂಥ ಬೈಕು ಹತ್ತು ಹದಿನೈದು ನಿಮಿಷ ತಣ್ಣಗಾದ ಮೇಲೆ ಒಂದು ಕಿಕ್ಕಿಗೆ ಸ್ಟಾರ್ಟ್ ಆಗಿಬಿಡುವುದುಂಟು. ಇಲ್ಲೇ ಬಹಳ ಮಂದಿ ಮೋಸ ಹೋಗುವುದು. ‘ಏನೂ ಆಗಿಲ್ಲ ಗುರು’ ಎಂದು ಮುಂದೆ ಹೊರಡುತ್ತಾರೆ. ಆದರೆ ಬೋರಿಗೆ ಬಳಿದುಕೊಂಡ ಅಲ್ಯೂಮಿನಿಯಂ ಅಲ್ಲೇ ಇರುತ್ತದೆ, ರಿಂಗು ತನ್ನ ಗ್ರೂವಿನಲ್ಲಿ ಅರ್ಧ ಸಿಕ್ಕಿಕೊಂಡಿರುತ್ತದೆ. ಎರಡನೇ ಸಲ ಹಿಡಿದುಕೊಂಡಾಗ ಮೊದಲಿನ ಸೌಮ್ಯತೆ ಇರುವುದಿಲ್ಲ.

ಇನ್ನು ತಪಾಸಣೆಗೆ ಬರೋಣ. ಕಿಕ್ಕರ್ ಇಳಿಯುತ್ತಿಲ್ಲ ಎಂದ ಮಾತ್ರಕ್ಕೆ ಪಿಸ್ಟನ್ನೇ ಜಾಮ್ ಆಗಿದೆ ಎನ್ನಲಾಗದು. ಕಿಕ್ಕರ್ ಗೇರಿನ ಹಲ್ಲು ಮುರಿದಿರಬಹುದು, ಗೇರ್‌ಬಾಕ್ಸ್ ಕಚ್ಚಿರಬಹುದು, ಕ್ರ್ಯಾಂಕಿನ ಬೇರಿಂಗ್ ಪುಡಿಯಾಗಿರಬಹುದು. ಬಲ್ಲವರು ಮೊದಲು ಬೈಕನ್ನು ನ್ಯೂಟ್ರಲಿಗೆ ತಂದು ಪ್ಲಗ್ ಬಿಚ್ಚುತ್ತಾರೆ, ಮ್ಯಾಗ್ನೆಟೊ ಕವರ್ ತೆಗೆದು ಅದರ ನಟ್ಟಿಗೆ ಪಾನಾ ಹಾಕಿ ಕ್ರ್ಯಾಂಕನ್ನು ಮೆಲ್ಲಗೆ ಆಚೀಚೆ ಅಲುಗಿಸುತ್ತಾರೆ. ಪ್ಲಗ್ಗಿನ ತೂತಿನೊಳಗೆ ಟಾರ್ಚ್ ಬಿಟ್ಟರೆ ಪಿಸ್ಟನ್ ಕದಲುತ್ತಿದೆಯೋ ಇಲ್ಲವೋ ಕಾಣುತ್ತದೆ. ಒಂದಿಷ್ಟೂ ಕದಲದಿದ್ದರೆ ಬಲಪ್ರಯೋಗ ಮಾಡಬಾರದು. ಗೇರಿಗೆ ಹಾಕಿ ಇಬ್ಬರು ಹಿಂದಿನಿಂದ ನೂಕುವುದು, ಕಿಕ್ಕರ್ ಮೇಲೆ ಎದ್ದು ನಿಲ್ಲುವುದು, ಇವೆಲ್ಲ ಉಳಿಯಬಹುದಾಗಿದ್ದ ಬ್ಲಾಕನ್ನೂ ಕನೆಕ್ಟಿಂಗ್ ರಾಡನ್ನೂ ಕೊಂದುಹಾಕುವ ಕೆಲಸ.

ಬಿಚ್ಚಿದ ಪ್ಲಗ್ಗನ್ನು ಪಕ್ಕಕ್ಕೆಸೆಯುವ ಮುಂಚೆ ಒಂದು ನಿಮಿಷ ಬೆಳಕಿಗೆ ಹಿಡಿಯಬೇಕು. ಮೂತಿಯ ಪಿಂಗಾಣಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಉರಿ ಸರಿಯಾಗಿತ್ತು. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಮೆಕ್ಯಾನಿಕ್‌ಗಳು ‘ಲೀನ್ ಓಡಿದೆ’ ಎನ್ನುವುದು ಇದನ್ನೇ. ಆ ಬಿಳುಪಿನ ಮೇಲೆ ಸೂಜಿಮೊನೆಯಷ್ಟು ಹೊಳೆಯುವ ಚುಕ್ಕಿಗಳಿದ್ದರೆ ಅವು ಪಿಸ್ಟನ್ನಿನಿಂದಲೇ ಕರಗಿ ಹಾರಿದ ಅಲ್ಯೂಮಿನಿಯಂ. ಅಲ್ಲಿಗೆ ಒಳಗೇನಾಗಿದೆ ಎಂಬುದರಲ್ಲಿ ಅನುಮಾನವೇ ಬೇಡ.

ಹೆಡ್ಡನ್ನೂ ಬಿಚ್ಚದೆ ಪಿಸ್ಟನ್ ನೋಡುವ ಇನ್ನೊಂದು ದಾರಿಯಿದೆ. ಸೈಲೆನ್ಸರಿನ ಪೈಪನ್ನು ಕಳಚಿದರೆ ಎಕ್ಸಾಸ್ಟ್ ಪೋರ್ಟ್ ತೆರೆದುಕೊಳ್ಳುತ್ತದೆ. ಪಿಸ್ಟನ್ ಸ್ವಲ್ಪವಾದರೂ ಕದಲುವಂತಿದ್ದರೆ ಮೆಲ್ಲಗೆ ಮೇಲೆ ಕೆಳಗೆ ಮಾಡುತ್ತ ಟಾರ್ಚ್ ಬಿಟ್ಟು ನೋಡಬಹುದು. ಆರ್‌ಎಕ್ಸ್ 100ರಲ್ಲಿ ಮುಂದುಗಡೆ ಒಂದು ಕಿಂಡಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವ ಜಾವಾ, ಯೆಜ್ಡಿಗಳಲ್ಲಿ ಎರಡು ಕಿಂಡಿ. ಆರೋಗ್ಯವಂತ ಪಿಸ್ಟನ್ನಿನ ಮೈ ಮಂಕಾದ ಬೂದು ಬಣ್ಣಕ್ಕೆ ಒಂದೇ ಸಮನಾಗಿರುತ್ತದೆ, ರಿಂಗು ತೆಳ್ಳಗೆ ಹೊಳೆಯುತ್ತದೆ. ಹಿಡಿದುಕೊಂಡ ಪಿಸ್ಟನ್ನಿನ ಮೇಲೆ ಉದ್ದುದ್ದ ಗೀರುಗಳು, ಅಲ್ಲಲ್ಲಿ ಲೋಹ ಮೆತ್ತಿಕೊಂಡ ಹೊಳಪು, ರಿಂಗಿನ ಮೇಲೆ ಅಲ್ಯೂಮಿನಿಯಂ ಬಳಿದು ಮುಚ್ಚಿಹೋದ ಜಾಗ ಕಾಣುತ್ತವೆ.

ಬ್ಲಾಕ್ ಎತ್ತಿ ಪಿಸ್ಟನ್ ಕೈಗೆ ಬಂದ ಮೇಲೆ ನಿಜವಾದ ಓದು ಶುರು. ಗೀರು ಇದೆಯೇ ಎನ್ನುವುದಲ್ಲ, ಎಲ್ಲಿದೆ ಎನ್ನುವುದು ಪ್ರಶ್ನೆ. ಪಿಸ್ಟನ್ನಿನ ನೆತ್ತಿಯ ಮೇಲೆ ಸಾಮಾನ್ಯವಾಗಿ ಒಂದು ಬಾಣದ ಗುರುತಿದ್ದು ಅದು ಎಕ್ಸಾಸ್ಟ್ ಕಡೆಗೆ ಮುಖ ಮಾಡಿರುತ್ತದೆ. ಗೀರುಗಳು ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಗಾಢವಾಗಿದ್ದರೆ ಅತಿಯಾದ ಬಿಸಿ ಕಾರಣ. ಉರಿದ ಹೊಗೆ ಹೊರಗೆ ಹೋಗುವುದು ಆ ಬದಿಯಿಂದಲೇ ಆದ್ದರಿಂದ ಮೊದಲು ಸೋಲುವುದೂ ಆ ಬದಿಯೇ. ಲೀನ್ ಮಿಕ್ಸ್‌ಚರ್, ಕಾರ್ಬೊರೇಟರಿನಲ್ಲಿ ಕಸ ಕಟ್ಟಿದ ಜೆಟ್, ಎಲ್ಲಿಂದಲೋ ನುಗ್ಗುತ್ತಿರುವ ಕಳ್ಳ ಗಾಳಿ, ಇವುಗಳ ಕಡೆ ಹುಡುಕಬೇಕು.

ಸುತ್ತಲೂ, ಹಿಂದೆ ಮುಂದೆ ಎನ್ನದೆ ಮೈತುಂಬ ಗೀರಿದ್ದರೆ ಎಣ್ಣೆ ಸಾಕಾಗಿಲ್ಲ. ಯೆಜ್ಡಿಯಲ್ಲಿ ಲೀಟರ್ ಪೆಟ್ರೋಲಿಗೆ 30ರಿಂದ 40 ಮಿಲಿ 2ಟಿ ಆಯಿಲ್ ಬೆರೆಸುವ ರೂಢಿ ಮಾಲೀಕರಲ್ಲಿದೆ. ‘ಹೊಗೆ ಜಾಸ್ತಿ’ ಎಂದು ಅದನ್ನು ಇಳಿಸುತ್ತ ಹೋದವರ ಪಿಸ್ಟನ್ ಹೀಗೆ ಕಾಣುತ್ತದೆ. ಆರ್‌ಎಕ್ಸ್ 100ರಲ್ಲಿ ಬೆರೆಸುವ ಗೊಡವೆಯಿಲ್ಲ, ಬೇರೆ ಟ್ಯಾಂಕಿನಿಂದ ಆಟೊಲ್ಯೂಬ್ ಪಂಪು ಎಣ್ಣೆ ಕಳಿಸುತ್ತದೆ. ಆ ಟ್ಯಾಂಕು ಒಮ್ಮೆ ಬರಿದಾದರೆ ಪೈಪಿನಲ್ಲಿ ಗಾಳಿಗುಳ್ಳೆ ಸೇರಿಕೊಳ್ಳುತ್ತದೆ. ಮತ್ತೆ ಎಣ್ಣೆ ತುಂಬಿಸಿದರೂ ಆ ಗಾಳಿಯನ್ನು ತೆಗೆಯುವ ತನಕ ಪಂಪಿನಿಂದ ಸರಿಯಾಗಿ ಎಣ್ಣೆ ಬಾರದು. ಟ್ಯಾಂಕು ತುಂಬಿದೆ, ಎಂಜಿನ್ ಒಣಗಿದೆ. ಇದನ್ನು ತಿಳಿಯದೆ ಹೋದ ಪಿಸ್ಟನ್ನುಗಳಿಗೆ ಲೆಕ್ಕವಿಲ್ಲ.

ಮೂರನೆಯದು ಸ್ವಾರಸ್ಯದ್ದು. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ನಿನ ತೂತಿನ ಎರಡೂ ಪಕ್ಕದಲ್ಲಿ, ಒಟ್ಟು ನಾಲ್ಕು ಕಡೆ ಮಾತ್ರ ಲಂಬವಾದ ಪಟ್ಟೆಗಳು. ಉಳಿದ ಮೈ ಹೊಸದರಂತೆ ಇರುತ್ತದೆ. ಪಿನ್ನನ್ನು ಹಿಡಿದಿಡಲು ಅಲ್ಲಿ ಲೋಹ ದಪ್ಪವಾಗಿರುವುದರಿಂದ ಹಿಗ್ಗುವುದೂ ಅಲ್ಲಿ ಹೆಚ್ಚು. ಬೋರ್ ಇನ್ನೂ ತಣ್ಣಗಿದ್ದು ಪಿಸ್ಟನ್ ಮಾತ್ರ ಬೇಗ ಕಾದಾಗ ಆಗುವ ಹಿಡಿತ ಇದು. ಡಿಸೆಂಬರ್ ಬೆಳಿಗ್ಗೆ ಕಿಕ್ ಹೊಡೆದ ಮರುಕ್ಷಣವೇ ಆಕ್ಸಿಲರೇಟರ್ ತಿರುಚಿ ‘ರೊಂಯ್’ ಎನಿಸುವ ಅಭ್ಯಾಸದವರಿಗೆ, ಬೋರ್ ಮಾಡುವವರು ಸಂದು ಬಿಗಿಯಾಗಿ ಬಿಟ್ಟ ಬೈಕುಗಳಿಗೆ ಈ ಗುರುತು ಬರುತ್ತದೆ.

ಈ ಕಾಯಿಲೆಯ ದೊಡ್ಡ ತವರು ಹಿಮದ ನಾಡು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೋರ್ಟ್‌ನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1959ರಲ್ಲಿ ‘ಸ್ಕೀ-ಡೂ’ ಎಂಬ ಹಿಮದ ಸ್ಕೂಟರನ್ನು ಮಾರುಕಟ್ಟೆಗೆ ತಂದರು. ಮುಂದೆ ಅವುಗಳಿಗೆ ಆಸ್ಟ್ರಿಯಾದ ರೋಟ್ಯಾಕ್ಸ್ ಕಂಪನಿಯ ಟೂ ಸ್ಟ್ರೋಕ್ ಎಂಜಿನ್ನುಗಳು ಬಂದವು. ಗುಲ್ಮಾರ್ಗಿಗೆ ಪ್ರವಾಸ ಹೋದ ಕನ್ನಡಿಗರು ಹಿಮದ ಮೇಲೆ ಓಡುವ ಇಂಥ ಸ್ಕೂಟರುಗಳನ್ನು ಕಂಡಿರುತ್ತಾರೆ. ನೀರು ಸುತ್ತಿ ತಂಪಾಗುವ ಆ ಎಂಜಿನ್ನುಗಳಲ್ಲಿ ಥರ್ಮೊಸ್ಟಾಟ್ ತೆರೆದಾಗ ಹಿಮದಷ್ಟು ತಣ್ಣನೆಯ ನೀರು ಒಮ್ಮೆಲೇ ಕಾದ ಸಿಲಿಂಡರಿಗೆ ನುಗ್ಗುತ್ತದೆ. ಸಿಲಿಂಡರ್ ಕುಗ್ಗುತ್ತದೆ, ಒಳಗಿನ ಪಿಸ್ಟನ್ ಹಿಗ್ಗಿಯೇ ಇರುತ್ತದೆ, ನಾಲ್ಕು ಕಡೆ ಕಚ್ಚಿಕೊಳ್ಳುತ್ತದೆ. ಮೈ ಕೊರೆಯುವ ಗಾಳಿ ಸಾಂದ್ರವಾಗಿರುವುದರಿಂದ ಮಿಕ್ಸ್‌ಚರ್ ಲೀನ್ ಆಗುವ ತೊಂದರೆ ಬೇರೆ. ವಾಲ್‌ಕೋರ್ಟಿನಲ್ಲಿ ಬಿಚ್ಚಿದ ಪಿಸ್ಟನ್ನನ್ನೂ ಮಾರೇನಹಳ್ಳಿಯಲ್ಲಿ ಬಿಚ್ಚಿದ ಪಿಸ್ಟನ್ನನ್ನೂ ಅಕ್ಕಪಕ್ಕ ಇಟ್ಟರೆ ನಾಲ್ಕು ಪಟ್ಟೆಗಳು ಒಂದೇ ತೆರನಾಗಿರುತ್ತವೆ.

ಗೀರು ಹಿಂಬದಿಯಲ್ಲಿ, ಅಂದರೆ ಕಾರ್ಬೊರೇಟರ್ ಕಡೆಯಲ್ಲಿ ಮಂಕಾಗಿ, ಉಪ್ಪುಕಾಗದ ಉಜ್ಜಿದಂತಿದ್ದರೆ ದೂಳು ಒಳಗೆ ಹೋಗಿದೆ. ಸದ್ದು ಚೆನ್ನಾಗಿ ಬರಲೆಂದು ಏರ್ ಫಿಲ್ಟರ್ ಕಿತ್ತು ಓಡಿಸುವ ಹುಡುಗರ ಬೈಕುಗಳಲ್ಲಿ ಇದು ಮಾಮೂಲು. ಫಿಲ್ಟರ್ ತೆಗೆದರೆ ದೂಳು ಮಾತ್ರವಲ್ಲ, ಗಾಳಿಯೂ ಹೆಚ್ಚು ಬಂದು ಮಿಕ್ಸ್‌ಚರ್ ಲೀನ್ ಆಗುತ್ತದೆ. ಒಂದೇ ಪಿಸ್ಟನ್ನಿನಲ್ಲಿ ಎರಡೂ ಬದಿಯ ಗಾಯ.

ನೆತ್ತಿಯಲ್ಲೇ ತೂತು ಬಿದ್ದಿದ್ದರೆ ಅಥವಾ ಅಂಚು ಇಲಿ ಕಡಿದಂತೆ ಕೊರೆದುಹೋಗಿದ್ದರೆ ಅದು ತಿಕ್ಕಾಟದ ಕಥೆಯಲ್ಲ, ಉರಿಯ ಕಥೆ. ಕಿಡಿ ತೀರಾ ಮುಂಚೆ ಹೊತ್ತುವಂತೆ ಟೈಮಿಂಗ್ ಇಟ್ಟಿರುವುದು, ಎಂಜಿನ್ನಿಗೆ ಹೊಂದದ ಪ್ಲಗ್ ಹಾಕಿರುವುದು, ಅದರ ಜೊತೆಗೆ ಲೀನ್ ಮಿಕ್ಸ್‌ಚರ್ ಸೇರಿದಾಗ ಒಳಗೆ ಬೆಂಕಿ ಹೊತ್ತುವ ಬದಲು ಸ್ಫೋಟವಾಗುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉರಿಯುವ ಪೆಟ್ರೋಲಿನ ಬಿಸಿ ಅದರ ಮೂರು ಪಟ್ಟಿಗೂ ಮಿಗಿಲು. ಬಿಸಿಯನ್ನು ಬೋರಿನ ಗೋಡೆಗೆ ದಾಟಿಸುವ ವ್ಯವಸ್ಥೆ ಸರಿಯಿರುವ ತನಕ ಮಾತ್ರ ಪಿಸ್ಟನ್ ಬದುಕಿರುತ್ತದೆ.

ರೇಸಿಗೆ ತಯಾರಾದ ಎಂಜಿನ್ನುಗಳಲ್ಲಿ ಈ ಅಂಚು ಇನ್ನೂ ಕಿರಿದು. ಪೂರ್ವ ಜರ್ಮನಿಯ ಎಂಜೆಡ್ (MZ) ಕಂಪನಿಯ ವಾಲ್ಟರ್ ಕಾಡೆನ್ ಟೂ ಸ್ಟ್ರೋಕಿನ ಸೈಲೆನ್ಸರ್ ಆಕಾರವನ್ನೇ ಶಕ್ತಿಯ ಮೂಲವಾಗಿಸಿದ ಎಂಜಿನಿಯರ್. ಅವರ ಬೈಕ್ ಓಡಿಸುತ್ತಿದ್ದ ಎರ್ನ್‌ಸ್ಟ್ ಡೆಗ್ನರ್ 1961ರಲ್ಲಿ 125 ಸಿ.ಸಿ. ವಿಶ್ವ ಚಾಂಪಿಯನ್ ಪಟ್ಟದ ಬಾಗಿಲಲ್ಲಿದ್ದಾಗ ಸ್ವೀಡನ್ನಿನ ರೇಸಿನಲ್ಲಿ ಎಂಜಿನ್ ಕೈಕೊಟ್ಟಿತು. ಅಲ್ಲಿಂದಲೇ ಡೆಗ್ನರ್ ಪಶ್ಚಿಮಕ್ಕೆ ಪರಾರಿಯಾಗಿ, ಕಾಡೆನ್ ಅವರ ವಿದ್ಯೆಯನ್ನು ಜಪಾನಿನ ಸುಜುಕಿಗೆ ಮುಟ್ಟಿಸಿದರು. ಮರುವರ್ಷವೇ ಸುಜುಕಿ 50 ಸಿ.ಸಿ. ವಿಶ್ವ ಪ್ರಶಸ್ತಿ ಗೆದ್ದಿತು. ಬೆಂಗಳೂರಿನಲ್ಲಿ ಆರ್‌ಎಕ್ಸ್‌ಗೆ ಹೊಟ್ಟೆ ಉಬ್ಬಿದ ಸೈಲೆನ್ಸರ್ ಹಾಕಿಸುವ ಹುಡುಗರು ಆ ವಿದ್ಯೆಯನ್ನೇ ಬಳಸುತ್ತಿದ್ದಾರೆ. ಸೈಲೆನ್ಸರ್ ಬದಲಿಸಿದವರು ಜೆಟ್ಟನ್ನೂ ಬದಲಿಸಲೇಬೇಕು ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕಿದೆ.

ಕಳ್ಳ ಗಾಳಿಯ ಮಾತು ಸ್ವಲ್ಪ ವಿಸ್ತಾರಕ್ಕೆ ಯೋಗ್ಯ, ಏಕೆಂದರೆ ಹಳೆಯ ಬೈಕುಗಳಲ್ಲಿ ಮತ್ತೆ ಮತ್ತೆ ಸೀಜ್ ಆಗುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ಇದೇ. ಟೂ ಸ್ಟ್ರೋಕಿನ ಕ್ರ್ಯಾಂಕ್ ಕೇಸ್ ಗಾಳಿಯಾಡದಂತೆ ಮುಚ್ಚಿರಬೇಕು. ಕ್ರ್ಯಾಂಕಿನ ಎರಡು ತುದಿಯಲ್ಲೂ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ವರ್ಷಗಳು ಕಳೆದಂತೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಬಂದು ದಟ್ಟ ಹೊಗೆ ಬರುತ್ತದೆ, ಕಣ್ಣಿಗೆ ಕಾಣುವ ತೊಂದರೆ. ಮ್ಯಾಗ್ನೆಟೊ ಕಡೆಯದು ಹೋದರೆ ಬರೀ ಗಾಳಿ ನುಗ್ಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಗಮನಿಸಬೇಕಾದ ಸುಳಿವು ಒಂದೇ: ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ಓಟ ತಕ್ಷಣ ಇಳಿಯದೆ ಮೇಲೇ ನಿಲ್ಲುವುದು. ‘ಐಡಲ್ ಏರಿದೆ’ ಎಂದು ಸ್ಕ್ರೂ ತಿರುಗಿಸಿ ಕಳಿಸುವ ಬದಲು ಅಲ್ಲೇ ನಿಲ್ಲಿಸಿ ಪರೀಕ್ಷೆ ಮಾಡಬೇಕು.

ಪರೀಕ್ಷೆ ಕಷ್ಟದ್ದೇನಲ್ಲ. ಎಕ್ಸಾಸ್ಟ್ ಮತ್ತು ಕಾರ್ಬೊರೇಟರ್ ಕಡೆಯ ಎರಡೂ ಬಾಯಿಯನ್ನು ರಬ್ಬರ್ ಬಿರಡೆಯಿಂದ ಬಿಗಿದು, ಒಂದು ಸಣ್ಣ ನಳಿಗೆಯಿಂದ ಐದಾರು ಪಿಎಸ್‌ಐ ಒತ್ತಡದಷ್ಟು ಗಾಳಿ ತುಂಬಿ, ಗೇಜಿನ ಮುಳ್ಳು ಕೆಲವು ನಿಮಿಷ ನಿಲ್ಲುತ್ತದೆಯೇ ನೋಡಿದರಾಯಿತು. ಇಳಿದರೆ ಸೀಲ್, ಪ್ಯಾಕಿಂಗ್, ಮ್ಯಾನಿಫೋಲ್ಡ್ ರಬ್ಬರಿನ ಸುತ್ತ ಸೋಪಿನ ನೀರು ಹಚ್ಚಬೇಕು. ಗುಳ್ಳೆ ಏಳುವ ಕಡೆ ಕಳ್ಳ ಇದ್ದಾನೆ. ಪಂಕ್ಚರ್ ಅಂಗಡಿಯ ಹುಡುಗನಿಗೂ ಗೊತ್ತಿರುವ ಈ ವಿದ್ಯೆಯನ್ನು ಎಂಜಿನ್ನಿಗೆ ಬಳಸುವ ಗ್ಯಾರೇಜುಗಳು ಕಡಿಮೆ ಎನ್ನುವುದು ಬೇಸರದ ಸಂಗತಿ. ಇಷ್ಟು ಮಾಡಿದರೆ ಎಷ್ಟೋ ಬ್ಲಾಕುಗಳು ಉಳಿಯುತ್ತವೆ.

ಕರ್ನಾಟಕದ ಭೂಗೋಳವೂ ಇದರಲ್ಲಿ ಪಾತ್ರ ವಹಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದು ಭಾಗದಷ್ಟು ಕಡಿಮೆ. ಇಲ್ಲಿನ ತೆಳು ಗಾಳಿಗೆ ಹೊಂದುವಂತೆ ಕಟ್ಟುನಿಟ್ಟಾಗಿ ಟ್ಯೂನ್ ಮಾಡಿಸಿದ ಬೈಕ್ ಕರಾವಳಿಗಿಳಿದಾಗ ಗಾಳಿ ಸಾಂದ್ರವಾಗಿ ಮಿಕ್ಸ್‌ಚರ್ ತುಸು ಲೀನ್ ಆಗುತ್ತದೆ. ಇಳಿಯುವ ದಾರಿಯಾದರೂ ಎಂಥದ್ದು! ಶಿರಾಡಿ, ಚಾರ್ಮಾಡಿ, ಆಗುಂಬೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನ ಹಿಡಿತದಲ್ಲೇ ಇಳಿಯುವುದು ಫೋರ್ ಸ್ಟ್ರೋಕಿಗೆ ಒಳ್ಳೆಯ ಕ್ರಮ. ಟೂ ಸ್ಟ್ರೋಕಿನಲ್ಲಿ ಹಾಗೆ ಮಾಡಿದರೆ ಚಕ್ರವೇ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತದೆ, ಪೆಟ್ರೋಲ್ ಬರುವುದಿಲ್ಲ, ಪೆಟ್ರೋಲಿನ ಜೊತೆ ಬರಬೇಕಾದ ಎಣ್ಣೆಯೂ ಬರುವುದಿಲ್ಲ. ಸ್ವೀಡನ್ನಿನ ಸಾಬ್ ಕಂಪನಿ ತನ್ನ ಟೂ ಸ್ಟ್ರೋಕ್ ಕಾರುಗಳಿಗೆ, ಪೆಡಲ್ ಬಿಟ್ಟೊಡನೆ ಚಕ್ರದ ಸಂಪರ್ಕ ತಾನಾಗಿ ತಪ್ಪುವ ಫ್ರೀವೀಲ್ ಅಳವಡಿಸಿದ್ದು ಇದೇ ಕಾರಣಕ್ಕೆ. ನಮ್ಮ ಯೆಜ್ಡಿ ಸವಾರರು ಅದನ್ನು ಕೈಯಿಂದಲೇ ಮಾಡುತ್ತ ಬಂದಿದ್ದಾರೆ: ಘಾಟಿ ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ಕೊಡುವುದು. ಅದರಿಂದ ಒಂದು ಗುಟುಕು ಎಣ್ಣೆ ಒಳಗೆ ಹೋಗುತ್ತದೆ.

ಈಗ ಇದಕ್ಕೆ ಇನ್ನೊಂದು ಅಂಶ ಸೇರಿದೆ, ಬಂಕಿನ ಪೆಟ್ರೋಲು. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ 2030ರಿಂದ ಹಿಂದಕ್ಕೆ ತಂದು 2025ರಲ್ಲೇ ಮುಟ್ಟಿತು. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಸಾಕು. ಇ20 ಮಿಶ್ರಣಕ್ಕೆ ಅದು ಹದಿಮೂರೂವರೆಯ ಆಸುಪಾಸಿಗೆ ಬರುತ್ತದೆ. ಹೊಸ ಬೈಕುಗಳ ಸೆನ್ಸರ್ ಇದನ್ನು ಅರಿತು ಇಂಧನ ಹೆಚ್ಚಿಸುತ್ತದೆ. 1985ರ ಕಾರ್ಬೊರೇಟರಿಗೆ ಅದೆಲ್ಲ ಗೊತ್ತಿಲ್ಲ, ಹಳೆಯ ಜೆಟ್ಟಿನ ತೂತಿನಷ್ಟೇ ಬಿಡುತ್ತದೆ. ಫಲ, ಲೀನ್. ಎಥೆನಾಲ್ ಆವಿಯಾಗುವಾಗ ಒಳಗೆ ತಂಪು ಮಾಡುತ್ತದೆ, ಸ್ಫೋಟವನ್ನೂ ತಡೆಯುತ್ತದೆ ಎನ್ನುವುದು ನಿಜ, ಆದ್ದರಿಂದ ಇ20 ಹಾಕಿದ ಕೂಡಲೇ ಪಿಸ್ಟನ್ ಹಿಡಿಯುತ್ತದೆ ಎಂದು ಹೆದರಿಸುವುದು ತಪ್ಪು. ಆದರೆ ಮೊದಲೇ ಅಂಚಿನಲ್ಲಿದ್ದ ಬೈಕಿಗೆ ಅದು ಸಾಕು. ಹಳೆಯ ರಬ್ಬರ್ ಸೀಲು, ಪೈಪುಗಳನ್ನು ಮೆತ್ತಗಾಗಿಸುವ, ನೀರನ್ನು ಹೀರಿಕೊಳ್ಳುವ ಗುಣವೂ ಎಥೆನಾಲಿಗಿದೆ. ಮೇನ್ ಜೆಟ್ಟನ್ನು ಒಂದು ಸೈಜು ಏರಿಸಿ, ಪ್ಲಗ್ಗಿನ ಬಣ್ಣ ನೋಡುವುದು ಈಗ ಹಳೆಯ ಬೈಕಿಟ್ಟುಕೊಂಡವರ ಕರ್ತವ್ಯ.

ಓಡುವಾಗ ಹಿಡಿದದ್ದಲ್ಲ, ನಿಂತಲ್ಲೇ ಹಿಡಿದ ಎಂಜಿನ್ನುಗಳೂ ಬರುತ್ತವೆ. ಅಪ್ಪನ ಯೆಜ್ಡಿ ಎಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೋ ಮನೆಯ ಮೆಟ್ಟಿಲ ಕೆಳಗೋ ವರ್ಷಗಟ್ಟಲೆ ನಿಲ್ಲಿಸಿದ್ದು. ಇದು ತುಕ್ಕಿನ ಹಿಡಿತ. ಪ್ಲಗ್ ತೂತಿನಿಂದ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ಸುರಿದು ದಿನಗಟ್ಟಲೆ ನೆನೆಯಲು ಬಿಟ್ಟರೆ ಎಷ್ಟೋ ಸಲ ಬಿಡುತ್ತದೆ. ತಾಳ್ಮೆ ಇಲ್ಲದೆ ಸುತ್ತಿಗೆ ಎತ್ತಿದವರು ಪಿಸ್ಟನ್ನಿನ ಜೊತೆ ಬ್ಲಾಕನ್ನೂ ಕಳೆದುಕೊಂಡಿದ್ದಾರೆ.

ಕಾರಣ ಸಿಕ್ಕಿತು ಎಂದುಕೊಳ್ಳೋಣ. ಈಗಲೂ ನೇರ ಬೋರಿಂಗ್ ಅಂಗಡಿಗೆ ಓಡಬೇಕಿಲ್ಲ. ಬೋರಿನೊಳಗೆ ಬೆರಳಾಡಿಸಿದಾಗ ಉಬ್ಬು ಸಿಗುತ್ತದೆಯೋ, ತಗ್ಗು ಸಿಗುತ್ತದೆಯೋ ನೋಡಬೇಕು. ಉಬ್ಬಾದರೆ ಅದು ಕಬ್ಬಿಣದ ಮೇಲೆ ಮೆತ್ತಿದ ಅಲ್ಯೂಮಿನಿಯಂ. ಆಸಿಡ್ಡನ್ನು ಬರೀ ಆ ಜಾಗಕ್ಕೆ ಎಚ್ಚರದಿಂದ ಸವರಿ ಅಲ್ಯೂಮಿನಿಯಂ ಕರಗಿಸಿ, ತೊಳೆದು, ನಯವಾಗಿ ಹೋನಿಂಗ್ ಮಾಡಿ ಅದೇ ಸೈಜಿನಲ್ಲಿ ಉಳಿಸಿಕೊಂಡವರಿದ್ದಾರೆ. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಉಗುರಿಗೆ ಸಿಕ್ಕುವ ತಗ್ಗಿದ್ದರೆ ಮಾತ್ರ ಬೋರ್ ಮಾಡಿಸದೆ ದಾರಿಯಿಲ್ಲ.

ಬೋರ್ ಎನ್ನುವುದು ತಿರುಗಿ ಬಾರದ ಖರ್ಚು. ಯೆಜ್ಡಿಯ 65 ಮಿ.ಮೀ. ಬೋರು ಕಾಲು ಕಾಲು ಮಿಲಿಮೀಟರ್ ಏರುತ್ತ 65.25, 65.50 ಎಂದು ಹೋಗುತ್ತದೆ. ಕೆಲವೇ ಮೆಟ್ಟಿಲು, ಅಲ್ಲಿಗೆ ಕಬ್ಬಿಣ ಮುಗಿಯಿತು. ಆಮೇಲೆ ಹೊಸ ಸ್ಲೀವ್ ಕೂರಿಸಬೇಕು. ಆದ್ದರಿಂದ ಮೊದಲು ಪಿಸ್ಟನ್ ಕೊಂಡು, ಅದನ್ನು ಮೈಕ್ರೊಮೀಟರಿನಲ್ಲಿ ಅಳೆದು, ಆ ಪಿಸ್ಟನ್ನಿಗೇ ಬೋರ್ ಮಾಡುವುದು ಸರಿಯಾದ ಕ್ರಮ. ಡಬ್ಬದ ಮೇಲಿನ ಸೈಜನ್ನೇ ನಂಬಿ ಬೋರ್ ಮಾಡಿ, ಆಮೇಲೆ ಪಿಸ್ಟನ್ ಹುಡುಕುವುದು ತಲೆಕೆಳಗಾದ ಕೆಲಸ. ಬೋರ್ ಆದ ಮೇಲೆ ಪೋರ್ಟುಗಳ ಚೂಪು ಅಂಚನ್ನು ಮೃದುವಾಗಿ ಉಜ್ಜಲೇಬೇಕು, ಇಲ್ಲದಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆ. ರಿಂಗಿನ ಬಾಯಿ ಗ್ರೂವಿನೊಳಗಿನ ಪುಟ್ಟ ಮೊಳೆಗೆ ಸರಿಯಾಗಿ ಕೂತಿದೆಯೇ, ಗಜನ್ ಪಿನ್ನಿನ ಲಾಕುಗಳು ಹೊಸವೇ ಎಂದು ನಿಂತು ನೋಡಬೇಕು.

ಮಾಲೀಕರು ಮಾಡಬಹುದಾದ ಕೆಲಸವೂ ಒಂದಿದೆ. ಮುಂದಿನ ಸಲ ನಿಮ್ಮ ಬೈಕಿನ ಬ್ಲಾಕ್ ಬಿಚ್ಚಿದಾಗ ಹಳೆಯ ಪಿಸ್ಟನ್ನನ್ನು ಕೇಳಿ ಪಡೆಯಿರಿ. ಬಾಣದ ಗುರುತು ನೋಡಿ, ಗೀರು ಯಾವ ಬದಿಗಿದೆ ಎಂದು ಮೆಕ್ಯಾನಿಕ್ ಬಳಿಯೇ ಕೇಳಿ ತಿಳಿದುಕೊಳ್ಳಿ, ಫೋಟೊ ತೆಗೆದಿಡಿ, ಕಾರಣ ಹೇಳದ ಹೊರತು ಬ್ಲಾಕನ್ನು ಬೋರಿಂಗಿಗೆ ಕಳಿಸಲು ಒಪ್ಪಬೇಡಿ.